ವೇಲೆನ್ಸಿ 3ರ ನೈಟ್ರೋಜನ್ ತೆಪ್ಪಗಿರುತ್ತೆ, ವೇಲೆನ್ಸಿ 1ರ ಸೋಡಿಯಂ ನೀರಿಗೆ ಬಿದ್ದರೆ ಹೊತ್ತುತ್ತೆ: ಇದೇನು ಲೆಕ್ಕ?

ಕಲಿಕಾರ್ಥಿ
ವೇಲೆನ್ಸಿ ಎಂದರೆ ಧಾತುವಿನ ಸಂಯೋಗ ಸಾಮರ್ಥ್ಯ ಎಂದು ಪುಸ್ತಕದಲ್ಲಿದೆ. ಸಾಮರ್ಥ್ಯ ಹೆಚ್ಚಿದ್ದರೆ ಕ್ರಿಯಾಶೀಲತೆಯೂ ಹೆಚ್ಚಿರಬೇಕಲ್ಲವೇ? ಆದರೆ ಸೋಡಿಯಂ, ಪೊಟ್ಯಾಸಿಯಂ, ಫ್ಲೋರಿನ್, ಕ್ಲೋರಿನ್ ಎಲ್ಲದರದ್ದೂ 1. ನೈಟ್ರೋಜನ್ 3, ಕಾರ್ಬನ್ 4. ಅಬ್ಬರಿಸುವುದೆಲ್ಲ ಒಂದರವು, ಮೂರು ನಾಲ್ಕರವು ತೆಪ್ಪಗಿವೆ. ಸರಿ, ಉಲ್ಟಾ ಮಾಡಿ "ವೇಲೆನ್ಸಿ ಕಡಿಮೆಯಾದಷ್ಟೂ ಕ್ರಿಯಾಶೀಲತೆ ಜಾಸ್ತಿ" ಎನ್ನೋಣವೆಂದರೆ ಬೆಳ್ಳಿಯದ್ದೂ 1, ಅದನ್ನು ನೀರಿನಲ್ಲಿ ಎಷ್ಟು ದಿನ ಇಟ್ಟರೂ ಏನೂ ಆಗುವುದಿಲ್ಲ. ಇವೆರಡಕ್ಕೂ ನಂಟು ಇದೆಯೋ ಇಲ್ಲವೋ?

ಹೊರಕವಚ
ನಂಟು ಇದೆ, ನೀವು ಹುಡುಕುತ್ತಿರುವ ಕಡೆ ಇಲ್ಲ ಅಷ್ಟೆ. ವೇಲೆನ್ಸಿ ಬರೀ ಎಣಿಕೆ: ಪರಮಾಣು ಎಷ್ಟು ಬಂಧ ಮಾಡಿಕೊಂಡು ನಿಲ್ಲುತ್ತದೆ ಎಂಬುದು. ಆ ಬಂಧಕ್ಕೆ ಅದು ಎಷ್ಟು ಸುಲಭವಾಗಿ ಹೊರಡುತ್ತದೆ ಎಂಬುದು ಕ್ರಿಯಾಶೀಲತೆ.

ಅಯಾನೀಕರಣ ಶಕ್ತಿಯ ಅಂಕಿಗಳನ್ನು ಮುಂದಿಟ್ಟುಕೊಂಡರೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಎಲ್ಲವೂ ಒಂದು ಮೋಲಿಗೆ ಇಷ್ಟು ಕಿಲೋಜೂಲ್ ಎಂಬ ಲೆಕ್ಕ. ಸೋಡಿಯಂನ ಮೊದಲ ಎಲೆಕ್ಟ್ರಾನ್ ಕೀಳಲು 496 ಸಾಕು, ಎರಡನೆಯದಕ್ಕೆ 4562 ಬೇಕು. ಮೆಗ್ನೀಸಿಯಂಗೆ 738, 1451, ಆಮೇಲೆ ಒಮ್ಮೆಲೇ 7733. ಅಲ್ಯೂಮಿನಿಯಂಗೆ 578, 1817, 2745, ನಾಲ್ಕನೆಯದಕ್ಕೆ 11577. ಅಂಕಿ ಎಲ್ಲಿ ನೆಗೆಯುತ್ತದೋ ಅದರ ಹಿಂದಿನ ಎಣಿಕೆಯೇ ವೇಲೆನ್ಸಿ: 1, 2, 3. ಒಳಗಿನ ತುಂಬಿದ ಕವಚವನ್ನು ಒಡೆಯಬೇಕಾಗಿ ಬಂದಾಗ ಅಂಕಿ ನೆಗೆಯುತ್ತದೆ.

ಈಗ ನೆಗೆತದವರೆಗಿನ ಒಟ್ಟು ಖರ್ಚು ನೋಡಿ. ಸೋಡಿಯಂಗೆ 496, ಮೆಗ್ನೀಸಿಯಂಗೆ 2189, ಅಲ್ಯೂಮಿನಿಯಂಗೆ 5140. ಕೊಡಬೇಕಾದ ಎಲೆಕ್ಟ್ರಾನ್ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಒಂದರ ವೇಲೆನ್ಸಿಯ ಲೋಹಗಳು ಅಬ್ಬರಿಸುವಂತೆ ನಿಮಗೆ ಕಂಡದ್ದು ಇದರಿಂದ. ಒಂದೇ ಗುಂಪಿನೊಳಗೆ ವೇಲೆನ್ಸಿ ಬದಲಾಗದಿದ್ದರೂ ಖರ್ಚು ಇಳಿಯುತ್ತದೆ: ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419, ಸೀಸಿಯಂ 376. ಹೊರ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ದೂರವಾಗುತ್ತಾ ಹೋಗುತ್ತದೆ, ನಡುವಿನ ಕವಚಗಳು ಮರೆಯಾಗಿ ನಿಲ್ಲುತ್ತವೆ.

ಬೆಳ್ಳಿಯ ವೇಲೆನ್ಸಿ 1 ಆದರೂ ಅದರ ಎಲೆಕ್ಟ್ರಾನ್ ಕೀಳಲು 731 ಬೇಕು. ಅದಕ್ಕೂ ಮುಂಚೆ ಗಟ್ಟಿ ಲೋಹದಿಂದ ಪರಮಾಣುವನ್ನು ಬಿಡಿಸಲು ಇನ್ನೊಂದು 285. ಸೋಡಿಯಂಗೆ ಅದೇ ಕೆಲಸಕ್ಕೆ 107 ಸಾಕು. ನೀರಿಗಿಳಿದ ಬೆಳ್ಳಿ ಅಯಾನನ್ನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು) ನೀರಿನ ಅಣುಗಳು ಸುತ್ತಿಕೊಂಡಾಗ ವಾಪಸು ಸಿಗುವ ಶಕ್ತಿ ಈ ಅಂತರ ತುಂಬುವಷ್ಟಿಲ್ಲ.

ಕಾರ್ಬನ್ ನಾಲ್ಕು
ನೈಟ್ರೋಜನ್ ವಿಷಯ ಬೇರೆಯೇ. ಅಲ್ಲಿ ಪರಮಾಣುವನ್ನೂ ಅಣುವನ್ನೂ ಬೆರೆಸಿಬಿಟ್ಟಿದ್ದೀರಿ. ಗಾಳಿಯಲ್ಲಿರುವುದು ನೈಟ್ರೋಜನ್ ಪರಮಾಣು ಅಲ್ಲ, ಮೂರು ಬಂಧಗಳಿಂದ ಬಿಗಿದುಕೊಂಡ ಜೋಡಿ. ಅದರ ವೇಲೆನ್ಸಿ ಮೂರೂ ಆಗಲೇ ತೀರಿಹೋಗಿದೆ. ಆ ತ್ರಿಬಂಧ ಮುರಿಯಲು 945 ಕಿಲೋಜೂಲ್ ಬೇಕು. ಆಕ್ಸಿಜನ್‌ನ ದ್ವಿಬಂಧಕ್ಕೆ 498, ಹೈಡ್ರೋಜನ್‌ಗೆ 436, ಕ್ಲೋರಿನ್‌ಗೆ 243, ಫ್ಲೋರಿನ್‌ಗೆ ಬರೀ 158. ಇಲ್ಲಿ ವೇಲೆನ್ಸಿ ಹೆಚ್ಚಿರುವುದೇ ಅಣು ಜಡವಾಗಲು ಕಾರಣ.

ಬಂಧ ಒಮ್ಮೆ ಮುರಿದರೆ ಒಂಟಿ ನೈಟ್ರೋಜನ್ ಪರಮಾಣು ಯಾರಿಗೂ ಕಮ್ಮಿಯಿಲ್ಲ. ಅಮೋನಿಯಾ ತಯಾರಿಕೆಯಲ್ಲಿ ಕಬ್ಬಿಣದ ಕ್ರಿಯಾವರ್ಧಕ, 400ರಿಂದ 500 ಡಿಗ್ರಿ ಸೆಲ್ಸಿಯಸ್, 150ರಿಂದ 250 ವಾಯುಭಾರದ ಒತ್ತಡ ಎಲ್ಲ ಬೇಕಾಗುವುದು ಈ ಒಂದು ಬಂಧದ ದೆಸೆಯಿಂದ. ಅಪವಾದವೂ ಇದೆ: ಲಿಥಿಯಂ ಲೋಹ ಕೋಣೆಯ ತಾಪದಲ್ಲೇ ನೈಟ್ರೋಜನ್ ಜೊತೆ ಸೇರಿ ಲಿಥಿಯಂ ನೈಟ್ರೈಡ್ ಆಗುತ್ತದೆ. ಹಾಗಾಗಿ ಲಿಥಿಯಂ ಕೆಲಸಕ್ಕೆ ನೈಟ್ರೋಜನ್ ಅನ್ನು "ಜಡ ಅನಿಲ" ಎಂದು ತುಂಬಬೇಡಿ, ಆರ್ಗಾನ್ ಬೇಕು.

ಪ್ರನಾಳಪ್ರಿಯೆ
ಶೀರ್ಷಿಕೆಗೆ ಒಂದು ತಿದ್ದುಪಡಿ. ಅಗಲವಾದ ಪಾತ್ರೆಯ ನೀರಿನಲ್ಲಿ ಓಡಾಡಲು ಜಾಗ ಸಿಕ್ಕರೆ ಸಣ್ಣ ಸೋಡಿಯಂ ತುಣುಕು ಸಾಮಾನ್ಯವಾಗಿ ಹೊತ್ತಿಕೊಳ್ಳುವುದಿಲ್ಲ. ಕರಗಿ ಗೋಲಿಯಾಗುತ್ತದೆ (97.8 ಡಿಗ್ರಿಗೇ ಕರಗುವ ಲೋಹ), ಸುಯ್ ಎಂದು ಓಡಿ ಮುಗಿಯುತ್ತದೆ. ಅದೇ ತುಣುಕು ಒದ್ದೆ ಶೋಧಕ ಕಾಗದದ ಮೇಲೆ ಸಿಕ್ಕಿಕೊಂಡರೆ ಶಾಖ ಒಂದೇ ಕಡೆ ನಿಂತು ಹಳದಿ ಜ್ವಾಲೆ ಬರುತ್ತದೆ. ಪೊಟ್ಯಾಸಿಯಂ ಮಾತ್ರ ನೀರು ಮುಟ್ಟಿದ ಕೂಡಲೇ ನಸುನೇರಳೆ ಜ್ವಾಲೆಯೊಂದಿಗೆ ಹೊತ್ತುತ್ತದೆ.

ಯಾರಾದರೂ ಮಾಡಿ ತೋರಿಸುವುದಿದ್ದರೆ: ತುಣುಕು 3 ಮಿಲಿಮೀಟರ್ ದಾಟಬಾರದು, ಅದನ್ನು ಮುಳುಗಿಸಿಟ್ಟಿದ್ದ ಎಣ್ಣೆ ಒರೆಸಿರಬೇಕು, ನಡುವೆ ಪಾರದರ್ಶಕ ತಡೆ, ಕಣ್ಣಿಗೆ ಕನ್ನಡಕ. ಪ್ರನಾಳದಂಥ ಕಿರಿದಾದ ಪಾತ್ರೆಯಲ್ಲಿ ಮಾಡಲೇಬಾರದು. ಹಳೆಯ ಪೊಟ್ಯಾಸಿಯಂ ಮೇಲೆ ಹಳದಿ ಪೊರೆ ಕಟ್ಟಿದ್ದರೆ ಅದು ಸೂಪರಾಕ್ಸೈಡ್. ಚಾಕು ಹಾಕಿದರೆ ಪೊರೆ, ಲೋಹ, ಎಣ್ಣೆ ಮೂರೂ ಬೆರೆತು ಸಿಡಿಯಬಹುದು. ಅಂಥದ್ದನ್ನು ಕತ್ತರಿಸುವ ಪ್ರಶ್ನೆಯೇ ಇಲ್ಲ.

ಕಲಿಕಾರ್ಥಿ
ಸರಿ, ಹಾಗಾದರೆ ಲಿಥಿಯಂ ಗೊಂದಲ. ಅಯಾನೀಕರಣ ಶಕ್ತಿಯಲ್ಲಿ ಅದು ಗುಂಪಿನಲ್ಲೇ ದುಬಾರಿ, ನೀರಿನಲ್ಲೂ ನಿಧಾನ. ಆದರೆ ವಿದ್ಯುದ್ವಿಭವದ ಪಟ್ಟಿಯಲ್ಲಿ (ದ್ರಾವಣದಲ್ಲಿ ಎಲೆಕ್ಟ್ರಾನ್ ಕೊಡುವ, ಎಳೆಯುವ ಒಲವನ್ನು ವೋಲ್ಟ್‌ನಲ್ಲಿ ಅಳೆದ ಪಟ್ಟಿ) ಮೈನಸ್ 3.04 ವೋಲ್ಟ್‌ನೊಂದಿಗೆ ಎಲ್ಲಕ್ಕಿಂತ ಮೇಲೆ ಕೂತಿದೆ. ಯಾವುದನ್ನು ನಂಬಬೇಕು?

ಲವಣಸೇತುವೆ
ಎರಡನ್ನೂ. "ಕ್ರಿಯಾಶೀಲತೆ" ಎಂಬ ಒಂದೇ ಹೆಸರಿನಡಿ ಎರಡು ಬೇರೆ ಪ್ರಶ್ನೆಗಳನ್ನು ತುರುಕಿದ್ದಾರೆ, ಗೊಂದಲದ ಮುಕ್ಕಾಲು ಭಾಗ ಅಲ್ಲಿಂದಲೇ. ಕ್ರಿಯೆ ನಡೆದರೆ ಎಷ್ಟು ಶಕ್ತಿ ಬಿಡುಗಡೆ? ಕ್ರಿಯೆ ಎಷ್ಟು ಬೇಗ ನಡೆಯುತ್ತದೆ? ಮೊದಲನೆಯದರ ಉತ್ತರ ವಿಭವದ ಪಟ್ಟಿಯಲ್ಲಿದೆ. ಎರಡನೆಯದರ ಉತ್ತರ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಲಿಥಿಯಂ ಅಯಾನು ತೀರಾ ಪುಟ್ಟದು, ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತವೆ. ಆಗ ಹೊರಬರುವ ಶಕ್ತಿ ಸುಮಾರು 520 ಕಿಲೋಜೂಲ್. ಸೋಡಿಯಂಗೆ 406, ಪೊಟ್ಯಾಸಿಯಂಗೆ 322. ಎಲೆಕ್ಟ್ರಾನ್ ಕೀಳಲು ಹೆಚ್ಚು ಕೊಟ್ಟದ್ದು ಇಲ್ಲಿ ಬಡ್ಡಿ ಸಮೇತ ವಾಪಸು ಬರುತ್ತದೆ. ಒಂದು ಮೋಲ್ ಲೋಹ ನೀರಿನೊಡನೆ ವರ್ತಿಸಿದಾಗ ಲಿಥಿಯಂ ಕೊಡುವ ಶಾಖ 222 ಕಿಲೋಜೂಲ್, ಸೋಡಿಯಂ 184, ಪೊಟ್ಯಾಸಿಯಂ 196. ಅಬ್ಬರ ಕಡಿಮೆ ಇರುವುದೇ ಹೆಚ್ಚು ಶಾಖ ಕೊಡುತ್ತದೆ! ಆದರೆ ಲಿಥಿಯಂ ಕರಗುವುದು 180 ಡಿಗ್ರಿಗೆ, ಹಾಗಾಗಿ ನೀರಿನ ಮೇಲೆ ಗಟ್ಟಿಯಾಗಿಯೇ ಉಳಿದು ಮೇಲ್ಮೈಯಷ್ಟೇ ಸವೆಯುತ್ತದೆ. ಪೊಟ್ಯಾಸಿಯಂ 63.5ಕ್ಕೇ ಕರಗಿ ಹೊಸ ಮೇಲ್ಮೈ ತೆರೆಯುತ್ತಲೇ ಹೋಗುತ್ತದೆ.

ವೇಗ ಮತ್ತು ಶಕ್ತಿ ಬೇರೆ ಎಂಬುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ರಂಜಕ. ಬಿಳಿ ರಂಜಕದಲ್ಲೂ ಕೆಂಪು ರಂಜಕದಲ್ಲೂ ಪ್ರತಿ ಪರಮಾಣುವಿಗೆ ಮೂರೇ ಬಂಧ. ಬಿಳಿಯದ್ದನ್ನು ನೀರಿನೊಳಗೆ ಮುಚ್ಚಿಡಬೇಕು, ಬೆಚ್ಚನೆಯ ಗಾಳಿ ತಗುಲಿದರೆ ತಾನೇ ಉರಿಯುತ್ತದೆ. ಕೆಂಪು ರಂಜಕವನ್ನು ಸುಮ್ಮನೆ ಶೀಶೆಯಲ್ಲಿ ಇಡಬಹುದು, ಹೊತ್ತಲು 240 ಡಿಗ್ರಿಗೂ ಮೇಲೆ ಕಾಯಬೇಕು. ಬಿಳಿಯದರಲ್ಲಿ ನಾಲ್ಕು ಪರಮಾಣುಗಳು 60 ಡಿಗ್ರಿ ಕೋನಕ್ಕೆ ಬಾಗಿ ಇಕ್ಕಟ್ಟಿನಲ್ಲಿವೆ. ಧಾತು ಒಂದೇ, ವೇಲೆನ್ಸಿ ಒಂದೇ, ನಡವಳಿಕೆ ಬೇರೆ.

ಕಾರ್ಬನ್ ನಾಲ್ಕು
ಅದೇ ಸಾಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಸಿಲಿಕಾನ್ ಟೆಟ್ರಾಕ್ಲೋರೈಡ್. ಎರಡರಲ್ಲೂ ವೇಲೆನ್ಸಿ 4, ಸುತ್ತ ನಾಲ್ಕು ಕ್ಲೋರಿನ್. ಮೊದಲನೆಯದು ನೀರಿನ ಕೆಳಗೆ ಬೇರೆ ಪದರವಾಗಿ ಸುಮ್ಮನೆ ಕೂರುತ್ತದೆ. ಎರಡನೆಯದು ತೇವದ ಗಾಳಿ ಸೋಕಿದರೂ ಹೈಡ್ರೋಜನ್ ಕ್ಲೋರೈಡ್ ಹೊಗೆ ಎಬ್ಬಿಸುತ್ತದೆ. ಶಕ್ತಿಯ ಲೆಕ್ಕದಲ್ಲಿ ಎರಡೂ ನೀರಿನೊಂದಿಗೆ ವರ್ತಿಸಬೇಕು. ಆದರೆ ಕಾರ್ಬನ್ ಚಿಕ್ಕದು, ನಾಲ್ಕು ಕ್ಲೋರಿನ್‌ಗಳ ಮಧ್ಯೆ ನೀರಿನ ಅಣು ನುಸುಳಲು ಜಾಗವಿಲ್ಲ. ಸಿಲಿಕಾನ್ ದೊಡ್ಡದು, ಐದನೆಯ ನಂಟಸ್ತಿಕೆಗೆ ಎಡೆ ಕೊಡುತ್ತದೆ.

ಸಲ್ಫರ್ ಹೆಕ್ಸಾಫ್ಲೋರೈಡ್ ಕೂಡ ಹಾಗೆಯೇ. ಗಂಧಕದ ವೇಲೆನ್ಸಿ 6, ಸುತ್ತಲೂ ಆರು ಫ್ಲೋರಿನ್, ಎಷ್ಟು ಜಡವೆಂದರೆ ಹೆಚ್ಚು ವೋಲ್ಟೇಜಿನ ಸ್ವಿಚ್‌ಗಳಲ್ಲಿ ನಿರೋಧಕ ಅನಿಲವಾಗಿ ತುಂಬುತ್ತಾರೆ. ಎರಡು ಫ್ಲೋರಿನ್ ಕಡಿಮೆಯಿರುವ ಸಲ್ಫರ್ ಟೆಟ್ರಾಫ್ಲೋರೈಡ್ ನೀರು ಕಂಡರೆ ಕೆರಳುತ್ತದೆ.

ಕಲಿಕಾರ್ಥಿ
ಇದು ಚೆನ್ನಾಗಿದೆ. ಗಂಧಕಕ್ಕೆ 2, 4, 6 ಹೇಗೆ ಬರುತ್ತದೆ? ಖಾಲಿ ಡಿ-ಕಕ್ಷಕಗಳಿಗೆ (ಕವಚದಲ್ಲಿ ಎಲೆಕ್ಟ್ರಾನ್ ಇರಬಹುದಾದ ಒಂದು ಬಗೆಯ ಜಾಗ) ಎಲೆಕ್ಟ್ರಾನ್ ಏರಿಸುತ್ತದೆ ಎಂದು ಓದಿದ್ದೇನೆ.

ಹೊರಕವಚ
ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗಬಹುದು. ಎಣಿಕೆ ನೆನಪಿಡಲು ಅದು ಅನುಕೂಲವೂ ಹೌದು: ಆರು ಹೊರ ಎಲೆಕ್ಟ್ರಾನ್‌ಗಳಲ್ಲಿ ಎರಡು ಒಂಟಿ, ಜೋಡಿಯೊಂದನ್ನು ಬಿಡಿಸಿದರೆ ನಾಲ್ಕು, ಇನ್ನೊಂದನ್ನೂ ಬಿಡಿಸಿದರೆ ಆರು.

ಲವಣಸೇತುವೆ
ಅಂಕದ ಮಾತು ಬಿಡಿ, ಆ ವಿವರಣೆ ಹಳತು. ಇಂದಿನ ಲೆಕ್ಕಾಚಾರಗಳಲ್ಲಿ ಡಿ-ಕಕ್ಷಕಗಳ ಪಾಲು ಅಲ್ಪ. ಗಂಧಕ ದೊಡ್ಡದು, ಸುತ್ತ ಆರು ಫ್ಲೋರಿನ್ ಹಿಡಿಸುತ್ತದೆ. ಬಂಧಗಳು ಬಹಳಷ್ಟು ಧ್ರುವೀಯ, ಎಲೆಕ್ಟ್ರಾನ್ ಫ್ಲೋರಿನ್ ಕಡೆಗೆ ವಾಲಿರುತ್ತದೆ. ನೈಟ್ರೋಜನ್‌ಗೆ ಪೆಂಟಾಕ್ಲೋರೈಡ್ ಇಲ್ಲ, ರಂಜಕಕ್ಕೆ ಇದೆ. "ನೈಟ್ರೋಜನ್‌ಗೆ ಡಿ-ಕಕ್ಷಕವಿಲ್ಲ" ಎನ್ನುವುದಕ್ಕಿಂತ ಆ ಪುಟ್ಟ ಪರಮಾಣುವಿನ ಸುತ್ತ ಐದು ಕ್ಲೋರಿನ್ ಹಿಡಿಸುವುದಿಲ್ಲ ಎಂದರೆ ಸತ್ಯಕ್ಕೆ ಹತ್ತಿರ.

ಹೊರಕವಚ
ಒಪ್ಪಿದೆ. ಎಣಿಕೆಯ ಉಪಾಯ ಬೇರೆ, ಕಾರಣ ಬೇರೆ.

ಜಡಾನಿಲಗಳಿಗೆ ವೇಲೆನ್ಸಿ ಸೊನ್ನೆ ಎಂಬುದಕ್ಕೂ ಇದೇ ಎಚ್ಚರ ಬೇಕು. 1962ರಲ್ಲಿ ರಸಾಯನಶಾಸ್ತ್ರಜ್ಞ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಕ್ಸಿಜನ್ ಅಣುವಿನಿಂದಲೂ ಎಲೆಕ್ಟ್ರಾನ್ ಕೀಳುತ್ತದೆ ಎಂಬುದನ್ನು ಕಂಡರು. ಆಕ್ಸಿಜನ್ ಅಣುವಿನ ಅಯಾನೀಕರಣ ಶಕ್ತಿಯೂ ಕ್ಸೆನಾನ್‌ನದೂ ಹೆಚ್ಚುಕಡಿಮೆ ಒಂದೇ, 1170 ಕಿಲೋಜೂಲ್ ಆಸುಪಾಸು. ಹಾಗಾದರೆ ಕ್ಸೆನಾನ್‌ನಿಂದಲೂ ಆಗಬೇಕಲ್ಲ ಎಂದು ಬೆರೆಸಿದರು, ಆಯಿತು. ಇಂದು ಕ್ಸೆನಾನ್‌ಗೆ 2, 4, 6 ಫ್ಲೋರಿನ್ ಇರುವ ಸಂಯುಕ್ತಗಳಿವೆ. ಹೀಲಿಯಂಗೆ 2372 ಬೇಕು, ಅಲ್ಲಿ ಈ ಆಟ ನಡೆಯುವುದಿಲ್ಲ.

ಕಲಿಕಾರ್ಥಿ
ಪ್ರಯೋಗದ ಪ್ರಶ್ನೆ. ಕ್ರಿಯಾಶೀಲತೆಯ ಸರಣಿ (ಹೆಚ್ಚು ಕ್ರಿಯಾಶೀಲ ಲೋಹದಿಂದ ಕಡಿಮೆಯದರವರೆಗಿನ ಸಾಲು) ನೋಡಲು ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬೇರೆ ಬೇರೆ ಲೋಹ ಹಾಕಬೇಕು. ಸತು ಹಾಕಿದರೆ ಕಪ್ಪು ಪುಡಿ ಬರುತ್ತದಂತೆ, ತಾಮ್ರ ಕೆಂಪಗಲ್ಲವೇ? ಅಲ್ಯೂಮಿನಿಯಂ ಹಾಕಿದರೆ ಏನೂ ಆಗುವುದಿಲ್ಲವಂತೆ, ಸರಣಿಯಲ್ಲಿ ಅದು ಸತುವಿಗಿಂತ ಮೇಲಿದೆಯಲ್ಲ?

ಪ್ರನಾಳಪ್ರಿಯೆ
ಒಂದೊಂದಾಗಿ ಹೇಳುತ್ತೇನೆ. ಮೊದಲು ದ್ರಾವಣಗಳು. ಎಲ್ಲವೂ ಒಂದೇ ಪ್ರಬಲತೆಯಲ್ಲಿ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸಾಕು. ನೀಲಿ ಹರಳಿನ ತಾಮ್ರದ ಸಲ್ಫೇಟ್ 2.5 ಗ್ರಾಂ, ಸತುವಿನ ಸಲ್ಫೇಟ್ ಹರಳು 2.88 ಗ್ರಾಂ, ಫೆರಸ್ ಸಲ್ಫೇಟ್ ಹರಳು 2.78 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಹರಳು 2.46 ಗ್ರಾಂ. ಒಂದೊಂದನ್ನೂ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್‌ಗೆ ತುಂಬಿಸಿ. ಫೆರಸ್ ಸಲ್ಫೇಟನ್ನು ಆ ದಿನವೇ ಮಾಡಬೇಕು, ಎರಡು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಬೇಕು. ಬಿಟ್ಟರೆ ಗಾಳಿಗೆ ಉತ್ಕರ್ಷಣೆಗೊಂಡು ಕಂದು ಬಗ್ಗಡ ಆಗುತ್ತದೆ. ಬೆಳ್ಳಿಯ ನೈಟ್ರೇಟ್ ಸೇರಿಸುವುದಾದರೆ 1.7 ಗ್ರಾಂ, ಕೊಳಾಯಿ ನೀರು ಬಳಸಿದರೆ ಕ್ಲೋರೈಡ್‌ನಿಂದ ಬೆಳ್ಳಗೆ ಕಲಕುತ್ತದೆ, ಕೈಗೆ ತಾಗಿದರೆ ಕಪ್ಪು ಕಲೆ.

ಒಂದು ಪ್ರನಾಳಕ್ಕೆ 10 ಮಿಲಿಲೀಟರ್. ಅದರಲ್ಲಿರುವ ತಾಮ್ರ ಒಂದು ಮಿಲಿಮೋಲ್, ಅಂದರೆ 64 ಮಿಲಿಗ್ರಾಂ. ಅದನ್ನು ಪೂರ್ತಿ ಹೊರಹಾಕಲು ಸತು 65 ಮಿಲಿಗ್ರಾಂ ಅಥವಾ ಕಬ್ಬಿಣ 56 ಮಿಲಿಗ್ರಾಂ ಸಾಕು. ನಾವು ಹಾಕುವ ತಗಡು, ಮೊಳೆ ಅದರ ಹತ್ತಾರು ಪಟ್ಟು ತೂಗುತ್ತದೆ. ಆದ್ದರಿಂದ ನೀಲಿ ಬಣ್ಣ ಉಳಿದರೆ "ಲೋಹ ಸಾಲಲಿಲ್ಲ" ಎಂದು ಬರೆಯಬೇಡಿ. ಮೇಲ್ಮೈಗೆ ಅಂಟಿದ ತಾಮ್ರ ದಾರಿ ಮುಚ್ಚಿದೆ ಎಂದರ್ಥ. ಅಲ್ಲಾಡಿಸಿದರೆ ಉದುರಿ ಕ್ರಿಯೆ ಮುಂದುವರಿಯುತ್ತದೆ. ಬಣ್ಣ ಹೋಲಿಸಲು ಲೋಹ ಹಾಕದ ಒಂದು ಪ್ರನಾಳ ಪಕ್ಕದಲ್ಲಿರಲಿ.

ಕಪ್ಪು ಪುಡಿ ತಾಮ್ರವೇ. ಸತು ಬೇಗ ವರ್ತಿಸುವುದರಿಂದ ತಾಮ್ರ ಅತಿ ಸಣ್ಣ ಕಣಗಳಾಗಿ ಬೀಳುತ್ತದೆ, ಸಣ್ಣ ಕಣ ಬೆಳಕು ಹೀರಿ ಕಪ್ಪಗೆ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ದಪ್ಪವಾಗಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ನಿಧಾನ, ಅದಕ್ಕೇ ಮೊಳೆಯ ಮೇಲೆ ಮೊದಲಿನಿಂದಲೇ ಕೆಂಪು ಲೇಪ.

ಹೆಚ್ಚು ಜನ ಎಡವುವುದು ಮೆಗ್ನೀಸಿಯಂನಲ್ಲಿ. ಯಾವ ಲವಣದ ದ್ರಾವಣಕ್ಕೆ ಹಾಕಿದರೂ ಗುಳ್ಳೆ ಬರುತ್ತದೆ. ಅದು ಹೈಡ್ರೋಜನ್, ಈ ದ್ರಾವಣಗಳು ಸ್ವಲ್ಪ ಆಮ್ಲೀಯ. ಗುಳ್ಳೆ ಕಂಡಾಕ್ಷಣ ಸ್ಥಾನಪಲ್ಲಟ (ಒಂದು ಲೋಹ ಇನ್ನೊಂದನ್ನು ದ್ರಾವಣದಿಂದ ಹೊರಹಾಕುವುದು) ಎಂದು ಬರೆಯಬಾರದು, ಮೆಗ್ನೀಸಿಯಂ ತುಂಡಿನ ಮೇಲೆ ಬೇರೆ ಲೋಹ ಕೂತಿದೆಯೇ ನೋಡಬೇಕು.

ಮೊಳೆ ಆರಿಸುವಾಗ ಬೆಳ್ಳಗೆ ಹೊಳೆಯುವ ಸತು ಲೇಪದ ಮೊಳೆ ಬೇಡ, ಕಬ್ಬಿಣದ ಹೆಸರಿನಲ್ಲಿ ಸತುವಿನ ಫಲಿತಾಂಶ ಬರುತ್ತದೆ. ತುಕ್ಕುಹಿಡಿಯದ ಉಕ್ಕಿನ ಪಿನ್ನೂ ಬೇಡ, ಕ್ರೋಮಿಯಂ ಆಕ್ಸೈಡ್ ಪೊರೆಯಿಂದ ಏನೂ ಆಗುವುದಿಲ್ಲ. ಸಾದಾ ಕಬ್ಬಿಣದ ಮೊಳೆಯನ್ನು ಮರಳು ಕಾಗದದಿಂದ ಉಜ್ಜಿ, ತೊಳೆದು, ತಕ್ಷಣ ಹಾಕಿ.

ಅಲ್ಯೂಮಿನಿಯಂ: ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯಿದೆ. ಉಜ್ಜಿದರೆ ಹೋಗುತ್ತದೆ, ಕೈ ತೆಗೆಯುವಷ್ಟರಲ್ಲಿ ಗಾಳಿಯಲ್ಲಿ ಮತ್ತೆ ಕಟ್ಟುತ್ತದೆ. ಅದೇ 10 ಮಿಲಿಲೀಟರ್ ತಾಮ್ರದ ಸಲ್ಫೇಟ್‌ಗೆ ಅರ್ಧ ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿ ನೋಡಿ. ಕ್ಲೋರೈಡ್ ಅಯಾನು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ, ಕೆಲವು ನಿಮಿಷಗಳಲ್ಲಿ ಕೆಂಪು ತಾಮ್ರ, ಗುಳ್ಳೆ, ಬಿಸಿ ಎಲ್ಲ ಶುರು. ಗಾಢ ದ್ರಾವಣದಲ್ಲಿ ಇದನ್ನು ಮಾಡಿದರೆ ತುಂಬಾ ಕಾಯುತ್ತದೆ, 0.1 ಮೋಲಾರ್ ದಾಟಬೇಡಿ. ಉಪ್ಪು ಹಾಕದ ಪ್ರನಾಳವನ್ನೂ ಜೊತೆಗಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಲವಣಸೇತುವೆ
ಪೊರೆಯ ಆಟ ಸೀಸದಲ್ಲೂ ಇದೆ. ಸರಣಿಯಲ್ಲಿ ಹೈಡ್ರೋಜನ್‌ಗಿಂತ ತುಸು ಮೇಲೆ, ಆದರೂ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗದ ಸೀಸದ ಸಲ್ಫೇಟ್ ಕಟ್ಟಿಕೊಂಡು ನಿಂತುಬಿಡುತ್ತದೆ. ಕ್ಯಾಲ್ಸಿಯಂ ಕೂಡ ಆ ಆಮ್ಲದಲ್ಲಿ ಮೊದಲು ಜೋರಾಗಿ, ಆಮೇಲೆ ಮಂಕಾಗುತ್ತದೆ. ಆಮ್ಲದೊಡನೆ ಸರಣಿ ಪರೀಕ್ಷಿಸುವುದಾದರೆ ಹೈಡ್ರೋಕ್ಲೋರಿಕ್ ಆಮ್ಲವೇ ವಾಸಿ. ನೈಟ್ರಿಕ್ ಆಮ್ಲ ಬೇಡ. ಅದು ತಾನೇ ಉತ್ಕರ್ಷಣಕಾರಿ (ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು), ಹೈಡ್ರೋಜನ್ ಬದಲು ನೈಟ್ರೋಜನ್ ಆಕ್ಸೈಡ್‌ಗಳು ಬರುತ್ತವೆ.

ತಕ್ಕಡಿ
ಸರಣಿಗೆ ಪ್ರಯೋಗ ಆಯಿತು. ವೇಲೆನ್ಸಿಯನ್ನೂ ತೂಕದಿಂದ ಕಂಡುಹಿಡಿಯಬಹುದು, ಪಟ್ಟಿ ಬಾಯಿಪಾಠ ಬೇಕಿಲ್ಲ.

ಮೆಗ್ನೀಸಿಯಂ ಪಟ್ಟಿ ಸುಮಾರು 0.24 ಗ್ರಾಂ. ಉಜ್ಜಿ ಹೊಳಪು ಬರಿಸಿ, ಸಡಿಲವಾಗಿ ಸುರುಳಿ ಸುತ್ತಿ. ಮೂಸೆಯನ್ನೂ ಮುಚ್ಚಳವನ್ನೂ ಮೊದಲು ಬರಿದೇ ಕಾಯಿಸಿ, ಆರಿಸಿ, ತೂಗಿ. ತಕ್ಕಡಿ ಮಿಲಿಗ್ರಾಂ ತೋರಿಸುವಂಥದ್ದೇ ಆಗಬೇಕು. ಹೆಚ್ಚುವ ತೂಕವೇ 0.16 ಗ್ರಾಂ ಆಗಿರುವಾಗ 0.01 ಗ್ರಾಂ ತಪ್ಪಿದರೆ ಉತ್ತರದಲ್ಲಿ ಶೇಕಡಾ 6 ಹೋಯಿತು. ಸುರುಳಿ ಇಟ್ಟು ಮುಚ್ಚಿ ಜೋರಾಗಿ ಕಾಯಿಸಿ. ಎರಡೆರಡು ನಿಮಿಷಕ್ಕೊಮ್ಮೆ ಇಕ್ಕಳದಿಂದ ಮುಚ್ಚಳ ಕೂದಲೆಳೆಯಷ್ಟು ಎತ್ತಿ ಗಾಳಿ ಬಿಟ್ಟು ತಕ್ಷಣ ಮುಚ್ಚಿ. ಒಳಗೆ ಹೊಳಪು ನಿಂತ ಮೇಲೆ ಮುಚ್ಚಳ ಓರೆ ಮಾಡಿ ಇನ್ನೂ ಐದು ನಿಮಿಷ ಕಾಯಿಸಿ.

ಇಲ್ಲಿಗೇ ನಿಲ್ಲಿಸಿದರೆ ತೂಕ ಕಡಿಮೆ ಬರುತ್ತದೆ. ಗಾಳಿಯ ನೈಟ್ರೋಜನ್ ಜೊತೆಗೂ ಸೇರಿ ಒಂದಿಷ್ಟು ಮೆಗ್ನೀಸಿಯಂ ನೈಟ್ರೈಡ್ ಆಗಿರುತ್ತದೆ (ಮೇಲೆ ಜಡ ಎಂದ ಅದೇ ನೈಟ್ರೋಜನ್, ಆದರೆ ಇಲ್ಲಿ ಉರಿಯುವ ಲೋಹದ ತಾಪವಿದೆ). ಪೂರ್ತಿ ಆಕ್ಸೈಡ್ ಆದರೆ 0.24 ಗ್ರಾಂಗೆ 0.158 ಗ್ರಾಂ ಹೆಚ್ಚುತ್ತದೆ, ಪೂರ್ತಿ ನೈಟ್ರೈಡ್ ಆದರೆ 0.092 ಮಾತ್ರ. ಮೂಸೆ ಆರಿದ ಮೇಲೆ ಎಂಟು ಹತ್ತು ಹನಿ ಬಟ್ಟಿ ನೀರು ಹಾಕಿ. ಅಮೋನಿಯಾ ವಾಸನೆ ಬಂದರೆ ನೈಟ್ರೈಡ್ ಇತ್ತು ಎಂದೇ ಲೆಕ್ಕ. ಮೊದಲು ಸಣ್ಣ ಉರಿಯಲ್ಲಿ ಒಣಗಿಸಿ, ಇಲ್ಲದಿದ್ದರೆ ಪುಡಿ ಹಾರುತ್ತದೆ. ಆಮೇಲೆ ಹತ್ತು ನಿಮಿಷ ಜೋರು ಉರಿ. ತೂಕ ಎರಡು ಸಲ ಒಂದೇ ಬರುವವರೆಗೆ ಕಾಯಿಸಿ ತೂಗುವುದು.

ಲೆಕ್ಕ: ಲೋಹದ ತೂಕವನ್ನು 8ರಿಂದ ಗುಣಿಸಿ ಹೆಚ್ಚಿದ ತೂಕದಿಂದ ಭಾಗಿಸಿದರೆ ಸಮಾನ ತೂಕ, ಅಂದರೆ 8 ಗ್ರಾಂ ಆಕ್ಸಿಜನ್ ಜೊತೆ ಸೇರುವ ಲೋಹದ ತೂಕ. 0.24 ಗುಣಿಸು 8, ಭಾಗಿಸು 0.158, ಬಂದದ್ದು 12.15. ಪರಮಾಣು ತೂಕ 24.3 ಅನ್ನು ಅದರಿಂದ ಭಾಗಿಸಿ: ವೇಲೆನ್ಸಿ 2. ಬಿಳಿ ಹೊಗೆ ತಪ್ಪಿಸಿಕೊಂಡು ಹೆಚ್ಚಿದ ತೂಕ 0.140 ಬಂತೆನ್ನಿ, ವೇಲೆನ್ಸಿ 1.77 ಆಗುತ್ತದೆ. ಎರಡಕ್ಕಿಂತ ಹೆಚ್ಚು ಬಂದರೆ ನೀರು ಹಾಕಿದಾಗ ಆದ ಹೈಡ್ರಾಕ್ಸೈಡ್ ಪೂರ್ತಿ ಒಡೆದಿಲ್ಲ, ಇನ್ನಷ್ಟು ಕಾಯಿಸಿ.

ಕಲಿಕಾರ್ಥಿ
ಇದೇ ರೀತಿ ಸೋಡಿಯಂ ಉರಿಸಿ ತೂಗಿದರೆ ವೇಲೆನ್ಸಿ 1 ಬರುತ್ತದೆಯೇ?

ತಕ್ಕಡಿ
ಬರುವುದಿಲ್ಲ, ಮಾಡಲೂ ಬೇಡಿ. ಹೆಚ್ಚು ಆಕ್ಸಿಜನ್‌ನಲ್ಲಿ ಉರಿದರೆ ಲಿಥಿಯಂ ಮಾಮೂಲಿ ಆಕ್ಸೈಡ್ ಕೊಡುತ್ತದೆ, ಸೋಡಿಯಂ ಮುಖ್ಯವಾಗಿ ಪೆರಾಕ್ಸೈಡ್, ಪೊಟ್ಯಾಸಿಯಂ ಸೂಪರಾಕ್ಸೈಡ್. ಸೋಡಿಯಂ ಪೆರಾಕ್ಸೈಡ್‌ನಲ್ಲಿ ಎರಡು ಸೋಡಿಯಂಗೆ ಎರಡು ಆಕ್ಸಿಜನ್. ತೂಕದ ಲೆಕ್ಕ ಹಾಕಿದರೆ ಸೋಡಿಯಂಗೆ 2 ಎಂದು ಬರುತ್ತದೆ. ತಪ್ಪು ಸೋಡಿಯಂನದಲ್ಲ, ಆಕ್ಸಿಜನ್‌ಗಳು ತಮ್ಮತಮ್ಮಲ್ಲೇ ಒಂದು ಬಂಧ ಮಾಡಿಕೊಂಡಿವೆ.

ವೇಲೆನ್ಸಿಗಳನ್ನು ಅಡ್ಡಡ್ಡ ಬದಲಿಸಿ ಸೂತ್ರ ಬರೆಯುವ ವಿಧಾನ ಕೈಕೊಡುವುದೂ ಇಲ್ಲೇ. ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಎರಡಕ್ಕೆ ಎರಡು ಬಂದರೆ ಒಂದಕ್ಕೊಂದು ಎಂದು ಸರಳಗೊಳಿಸಬೇಕು. ಹೈಡ್ರೋಜನ್ ಪೆರಾಕ್ಸೈಡ್, ಮರ್ಕ್ಯುರಸ್ ಕ್ಲೋರೈಡ್‌ನಲ್ಲಿ ಎರಡಕ್ಕೆರಡನ್ನು ಹಾಗೇ ಬಿಡಬೇಕು, ಏಕೆಂದರೆ ಅಲ್ಲಿ ಆಕ್ಸಿಜನ್ ಆಕ್ಸಿಜನ್‌ಗೆ, ಪಾದರಸ ಪಾದರಸಕ್ಕೆ ಕಟ್ಟಿಕೊಂಡಿದೆ.

ಕಲಿಕಾರ್ಥಿ
ಕೊನೆಯದಾಗಿ ಕಬ್ಬಿಣ. ವೇಲೆನ್ಸಿ 2 ಮತ್ತು 3. ತಾಮ್ರದ ಸಲ್ಫೇಟ್‌ನಲ್ಲಿ 2 ಎಂದೇ ಏಕೆ ಬರೆಯಬೇಕು?

ಲವಣಸೇತುವೆ
ಕ್ರಿಯಾಶೀಲತೆಯೇ ವೇಲೆನ್ಸಿಯನ್ನು ತೀರ್ಮಾನಿಸುವ ಜಾಗ ಇದು, ನೀವು ಮೊದಲ ಪ್ರಶ್ನೆಯಲ್ಲಿ ಹುಡುಕುತ್ತಿದ್ದ ನಂಟು ಇಲ್ಲಿದೆ. ಕಬ್ಬಿಣವನ್ನು 2ರಿಂದ 3ಕ್ಕೆ ಏರಿಸಲು ಎದುರಿನವನ ಎಲೆಕ್ಟ್ರಾನ್ ಎಳೆತ (ಅದೇ ವಿಭವದ ಪಟ್ಟಿಯ ಅಂಕಿ) 0.77 ವೋಲ್ಟ್ ದಾಟಬೇಕು. ತಾಮ್ರದ ಅಯಾನಿನ ಎಳೆತ 0.34, ಹೈಡ್ರೋಜನ್ ಅಯಾನಿನದು ಸೊನ್ನೆ. ಆದ್ದರಿಂದ ತಾಮ್ರದ ಸಲ್ಫೇಟ್‌ನಲ್ಲೂ ಹೈಡ್ರೋಕ್ಲೋರಿಕ್ ಆಮ್ಲದಲ್ಲೂ ಕಬ್ಬಿಣ 2ಕ್ಕೇ ನಿಲ್ಲುತ್ತದೆ. ಅಯೋಡಿನ್ 0.54, ಅದೂ 2ರಲ್ಲೇ ಬಿಡುತ್ತದೆ. ಬ್ರೋಮಿನ್ 1.07, ಕ್ಲೋರಿನ್ 1.36: ಇವೆರಡೂ 3ಕ್ಕೆ ಎಳೆದೊಯ್ಯುತ್ತವೆ. ಲೋಹ ಒಂದೇ, ಯಾವ ವೇಲೆನ್ಸಿ ಎಂದು ಹೇಳುವುದು ಜೊತೆಗಾರ.

ತಿರುಗಿಸಿ ನೋಡಿದರೂ ಸರಿಹೋಗುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣ ತಾಮ್ರವನ್ನೇ ಕರಗಿಸುತ್ತದೆ, ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಹಲಗೆಯ ಬೇಡದ ತಾಮ್ರ ತೆಗೆಯಲು ಅದನ್ನೇ ಬಳಸುತ್ತಾರೆ. ಸರಣಿಯಲ್ಲಿ ತಾಮ್ರ ಕಬ್ಬಿಣಕ್ಕಿಂತ ಕೆಳಗಿದ್ದೂ ಇದು ಹೇಗೆ ಎನ್ನಬೇಡಿ. ಇಲ್ಲಿ ಕಬ್ಬಿಣ ಲೋಹವಾಗಿ ಹೊರಬರುವುದಿಲ್ಲ, 3ರಿಂದ 2ಕ್ಕೆ ಇಳಿಯುತ್ತದೆ ಅಷ್ಟೆ.

ಸೀಸದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅದಕ್ಕೆ 2 ಹಿತ, 4 ಇರಿಸುಮುರಿಸು. ಅದಕ್ಕೇ ವೇಲೆನ್ಸಿ 4ರ ಸೀಸದ ಡೈಆಕ್ಸೈಡ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಕ್ಲೋರಿನ್ ಬಿಡಿಸುವಷ್ಟು ಬಲವಾದ ಉತ್ಕರ್ಷಣಕಾರಿ. ತವರಕ್ಕೆ ಉಲ್ಟಾ: 4 ಹಿತ, ಆದ್ದರಿಂದ ವೇಲೆನ್ಸಿ 2ರ ಸ್ಟ್ಯಾನಸ್ ಕ್ಲೋರೈಡ್ ಅಪಕರ್ಷಣಕಾರಿ (ಎಲೆಕ್ಟ್ರಾನ್ ಕೊಡುವಂಥದ್ದು).

ಪ್ರನಾಳಪ್ರಿಯೆ
ಕಬ್ಬಿಣ 2ರಲ್ಲೇ ಇದೆಯೇ ಎಂದು ನೋಡಬೇಕಾದರೆ ಮೊಳೆಯ ಪ್ರನಾಳದಲ್ಲಿ ನೀಲಿ ಪೂರ್ತಿ ಹೋದ ಮೇಲೆ ದ್ರಾವಣವನ್ನು ಸೋಸಿ, 2 ಮಿಲಿಲೀಟರ್ ತೆಗೆದುಕೊಂಡು ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡಿ. ಕೊಳಕು ಹಸಿರು ಒತ್ತರ (ದ್ರಾವಣದಲ್ಲಿ ಕರಗದೆ ಬೇರ್ಪಡುವ ವಸ್ತು) ಬಂದರೆ 2, ಇಟ್ಟಿಗೆ ಬಣ್ಣದ ಒತ್ತರ ಬಂದರೆ 3. ನೀಲಿ ಉಳಿದಿರುವಾಗ ಮಾಡಿದರೆ ತಾಮ್ರದ ಹೈಡ್ರಾಕ್ಸೈಡ್ ಬೆರೆತು ಬಣ್ಣ ತಿಳಿಯುವುದಿಲ್ಲ. ಬಂದ ಕೂಡಲೇ ಬಣ್ಣ ಬರೆದುಕೊಳ್ಳಿ. ಹಸಿರು ಒತ್ತರ ಗಾಳಿಗೆ ಮೇಲಿನಿಂದ ಕಂದಾಗುತ್ತಾ ಬರುತ್ತದೆ, ತಡಮಾಡಿದರೆ 2 ಇದ್ದದ್ದು 3 ಎಂದು ದಾಖಲಾಗುತ್ತದೆ.